ಎಡಗಾಲಿನ ಬೂಟು

ನಿಗಡಿ, ಪುಣೆ
೧೯ ಜನವರಿ ೨೦೨೫

ಹೇಗಿದ್ದೀರಿ ಎಂದು ಕೇಳಿ ಪತ್ರ ಆರಂಭಿಸುವುದು ವಾಡಿಕೆ. ಕೇಳಿದ್ದೇನೆ ಎಂದುಕೊಳ್ಳಿರಿ.

ಇದನ್ನು ಡ್ರೈವರ್ ಬಾಳಕೃಷ್ಣ ತಂದುಕೊಟ್ಟಾಗ ನಿಮಗೆ ಆಶ್ಚರ್ಯವಾದೀತು, ಪ್ಲಾಸ್ಟಿಕ್ ಗಟ್ಟೆಗಳ ಲಾರಿ ಓಡಿಸುವವನ ಕೈಗೆ ಹೆಂಡತಿಯ ಪತ್ರ ಎಲ್ಲಿಂದ ಬಂತು ಎಂದು. ಸಂಕ್ರಾಂತಿಯ ಮರುದಿನದಿಂದ ನಾನು ನಿಮ್ಮ ಕಾಂಟ್ರ್ಯಾಕ್ಟರರ ನಿಗಡಿ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತಿದ್ದೇನೆ. ಊರ ಕಚರಾದಲ್ಲಿ ಬಂದ ಪ್ಲಾಸ್ಟಿಕ್ ಆರಿಸುವ ಕೆಲಸ. ನಾವು ಆರಿಸಿ, ಒತ್ತಿ, ಗಟ್ಟೆ ಕಟ್ಟಿ ಕಳಿಸಿದ್ದನ್ನೇ ಅಲ್ಲಿ ನೀವು ಬಿಚ್ಚಿ ನೋಡಿ ಉಕ್ಕಿನ ಕಾರ್ಖಾನೆಯ ಕೋಕ್ ಭಟ್ಟಿಗೆ ಬಿಡುತ್ತೀರಂತೆ. ನಾಲ್ಕು ತಿಂಗಳಿಂದ ನೀವು ಅಲ್ಲಿ ಏನು ಮಾಡುತ್ತಿದ್ದೀರಿ ಎನ್ನುವುದು ನನಗೆ ತಿಳಿದದ್ದು ಹೀಗೆ, ರುದ್ರವ್ವನ ಬಾಯಿಂದ.

ರುದ್ರವ್ವ ಶೆಡ್ಡಿಗೆ ಹಿರಿಯಳು, ವಿಜಯಪುರದ ಕಡೆಯವಳು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈಗವಸು ಕೊಟ್ಟಳು. "ಕಲ್ತವರ ಕೈ, ಲಗೂ ಹರೀತಾವ, ಹಾಕ್ಕೋ" ಎಂದಳು. ಪಕ್ಕದ ಮನೆಯ ಪ್ರಾಚಿಯ ಆಯಿಯಂತೂ ಮೆಟ್ಟಿಲ ಮೇಲೆ ಅಡ್ಡ ನಿಂತು ತನ್ನ ಅರ್ಧ ಕನ್ನಡದಲ್ಲಿ, "ವಹಿನೀ, ನನ್ನ ಬ್ಲೌಸು ಮತ್ತ ಯಾರು ಹೊಲೀಬೇಕು?" ಎಂದು ಕೇಳಿದಳು. ಬಿ.ಎ. ಓದಿದವಳು ಕಚರಾಕ್ಕೆ ಕೈ ಹಾಕುತ್ತಾಳೆಂದು ನೇರವಾಗಿ ಹೇಳಲು ಅವಳಿಗೆ ಸಂಕೋಚ.

ಯಾವ ಜಾತಿಯ ಪ್ಲಾಸ್ಟಿಕ್ ಎಂದು ಗುರುತು ಸಿಗದಿದ್ದರೆ ಅದನ್ನು ನೀರಿನ ಟಾಕಿಗೆ ಹಾಕುತ್ತಾರೆ. ತೇಲಿದ್ದು ನಿಮ್ಮ ಭಟ್ಟಿಗೆ, ಮುಳುಗಿದ್ದು ಬೇರೆ ಚೀಲಕ್ಕೆ. ನನ್ನನ್ನು ಮೊದಲು ಟಾಕಿಯ ಹತ್ತಿರ ನಿಲ್ಲಿಸಿದ್ದರು. ಅರ್ಧ ತಾಸು ನಿಲ್ಲುವುದೂ ನನ್ನಿಂದ ಆಗಲಿಲ್ಲ. ರುದ್ರವ್ವ ಏನೂ ಕೇಳದೆ ಆರಿಸುವ ಸಾಲಿಗೆ ಕರೆದುಕೊಂಡು ಹೋದಳು. ನಮ್ಮ ಮುಕ್ತಾ ನಾಲಾಕ್ಕೆ ಬಿದ್ದು ಹೋಗಿ ಇವತ್ತಿಗೆ ಆರು ತಿಂಗಳು. ನಿಮಗೆ ನೆನಪಿಸಬೇಕಾಗಿಲ್ಲ, ಆದರೂ ಬರೆದೆ.

ಫೋನ್ ಮಾಡಬೇಡಿರಿ. ಫೋನಿನಲ್ಲಿ ನೀವು "ಹ್ಞೂಂ" ಎನ್ನುತ್ತೀರಿ, ನಾನು "ಮತ್ತ?" ಎನ್ನುತ್ತೇನೆ, ಆಮೇಲೆ ಇಬ್ಬರೂ ಫ್ಯಾನಿನ ಸಪ್ಪಳ ಕೇಳುತ್ತ ಕೂಡುತ್ತೇವೆ. ಹೇಳುವುದೇನಾದರೂ ಇದ್ದರೆ ಲಾರಿ ತಿರುಗಿ ಬರುವಾಗ ಬಾಳಕೃಷ್ಣನ ಕೈಯಲ್ಲಿ ಕೊಡಿರಿ.

ರೇಣು


ಹೊಸಪೇಟೆ
೨ ಫೆಬ್ರುವರಿ ೨೦೨೫

ಪ್ರೀತಿಯ ರೇಣು,

ಪತ್ರ ಮುಟ್ಟಿತು. ಮೂರು ಸಲ ಓದಿದೆ. ಹಾಳೆಯ ತಲೆಗೆ ನೀನು ಏನೂ ಬರೆದಿಲ್ಲ ಎನ್ನುವುದು ಮೂರನೆಯ ಸಲ ಗಮನಕ್ಕೆ ಬಂತು. ಗಂಡನ ಹೆಸರು ಹಿಡಿಯಬಾರದೆಂದು ನಿಮ್ಮ ಅವ್ವ ನಿನಗೆ ಕಲಿಸಿದ್ದರು. ಮುಕ್ತಾ ಹುಟ್ಟಿದ ಮೇಲೆ "ಮುಕ್ತಾನ ಅಪ್ಪಾರ" ಎಂದು ಕರೆಯತೊಡಗಿದೆ. ಓಣಿಯ ಕಿರಾಣಿ ಅಂಗಡಿಯವನೂ ನಿನ್ನಿಂದ ಕಲಿತು ಹಾಗೇ ಕರೆಯುತ್ತಿದ್ದ. ಈಗ ಏನೆಂದು ಕರೆಯಬೇಕೆಂದು ನಿನಗೆ ತೋಚಿರಲಿಕ್ಕಿಲ್ಲ. ಇರಲಿ.

ನೀನು ಕೇಳಿಲ್ಲ, ಆದರೂ ಇಲ್ಲಿಯ ಕೆಲಸದ ಬಗ್ಗೆ ಬರೆಯುತ್ತೇನೆ. ಬೇರೆ ಏನು ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ.

ಅದಿರು ಕರಗಿಸಲು ಕಲ್ಲಿದ್ದಲು ನೇರವಾಗಿ ನಡೆಯುವುದಿಲ್ಲ. ಅದನ್ನು ಮೊದಲು ಕೋಕ್ ಮಾಡಬೇಕು. ಎತ್ತರದ, ಇಕ್ಕಟ್ಟಾದ ಭಟ್ಟಿಗಳು ಸಾಲಾಗಿ ನಿಂತಿವೆ. ಮೇಲಿನಿಂದ ಕಲ್ಲಿದ್ದಲು ಸುರಿದು ಬಾಗಿಲು ಮುಚ್ಚುತ್ತಾರೆ. ಒಳಗೆ ಗಾಳಿ ಹೋಗುವಂತಿಲ್ಲ. ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ ಹದಿನೆಂಟು ತಾಸು ಇಟ್ಟು ಆಮೇಲೆ ಒಂದು ಕಡೆಯಿಂದ ನೂಕುತ್ತಾರೆ, ಇನ್ನೊಂದು ಕಡೆ ಕೆಂಪಗೆ ಗೋಡೆಯ ಹಾಗೆ ಕೋಕ್ ಹೊರಗೆ ಬೀಳುತ್ತದೆ. ಈಗ ಪರೀಕ್ಷೆಗೆಂದು ನೂರು ಪಾಲು ಕಲ್ಲಿದ್ದಲಿಗೆ ಒಂದು ಪಾಲು ನಿಮ್ಮ ಪ್ಲಾಸ್ಟಿಕ್ ಪುಡಿ ಮಾಡಿ ಬೆರೆಸುತ್ತೇವೆ. ಅದರಲ್ಲಿ ಸ್ವಲ್ಪ ಕೋಕ್ ಆಗುತ್ತದೆ, ಉಳಿದದ್ದು ಡಾಂಬರು ಮತ್ತು ಗ್ಯಾಸು. ಏನೂ ಹಾಳಾಗುವುದಿಲ್ಲ.

ಪಿವಿಸಿ ಮಾತ್ರ ಬರಬಾರದು. ಅದು ಭಟ್ಟಿಗೆ ಹೋದರೆ ಆಮ್ಲವಾಗಿ ಗ್ಯಾಸಿನ ಪೈಪುಗಳನ್ನು ತಿನ್ನುತ್ತದೆ. ಪೈಪಿನ ತುಂಡು, ವೈರಿನ ಸಿಪ್ಪೆ, ಕೃತಕ ಚರ್ಮ, ಇಂಥವೆಲ್ಲ ಪಿವಿಸಿ. ಗಟ್ಟೆ ಬಿಚ್ಚಿದಾಗ ಅವನ್ನು ಹಿಡಿದು ತೆಗೆಯುವುದು ನನ್ನ ಕೆಲಸ. ಚಿಂಚವಡದ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಇಂಥದೇ ಮಾಡಿದ್ದರಿಂದ ಕೈಗೆ ತಿಳಿಯುತ್ತದೆ.

ಶೆಡ್ಡಿನ ಕೆಲಸ ನಿನಗೆ ಯಾಕೆ ಬೇಕು? ಊಟಕ್ಕೆ ತೊಂದರೆಯಿಲ್ಲ, ಕೈಯಲ್ಲಿ ಹೊಲಿಗೆ ಇದೆ. ನಿಜ ಹೇಳು.

ಈರಬಸಪ್ಪ


ನಿಗಡಿ
೨೩ ಫೆಬ್ರುವರಿ ೨೦೨೫

ನಿಜ ಕೇಳಿದಿರಿ. ಬೂಟು ಹುಡುಕಲು ಹೋಗುತ್ತಿದ್ದೇನೆ.

ಮುಕ್ತಾನನ್ನು ನಾಲಾದಿಂದ ಮೇಲೆ ತೆಗೆದಾಗ ಬಲಗಾಲಿನಲ್ಲಿ ಮಳೆಗಾಲದ ಬೂಟು ಇತ್ತು, ಎಡಗಾಲು ಬರಿದಾಗಿತ್ತು. ಕೆಂಪು ಬೂಟು, ಬಾಯಿಗೆ ಬಿಳಿ ಪಟ್ಟಿ, ಅಡಿಯಲ್ಲಿ ಹದಿಮೂರು ಎಂದು ಅಚ್ಚು. ಅವಳ ಕಾಲು ಹನ್ನೊಂದು. ಮುಂದಿನ ಮಳೆಗಾಲಕ್ಕೂ ಬರಲಿ ಎಂದು ನೀವು ಎರಡು ನಂಬರ್ ದೊಡ್ಡವು ತಂದಿರಿ. ನಮ್ಮ ಕಡೆ ಯಾರು ಹಾಗೆ ತರುವುದಿಲ್ಲ? ನನ್ನ ಮದುವೆಯ ಬ್ಲೌಸಿಗೂ ಅವ್ವ ಒಳಗೆ ಎರಡು ಇಂಚು ಮಡಿಚಿ ಬಿಟ್ಟಿದ್ದಳು, ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು.

ಅಷ್ಟು ತಿಳಿದೂ ಮಣ್ಣು ಮಾಡಿ ಬಂದ ದಿನ ಎಲ್ಲರ ಮುಂದೆ ನಿಮಗೆ ಅಂದೆ: "ದೊಡ್ಡ ಬೂಟು ತಂದ್ರಿ, ಅದಕ್ಕ ಹೋದಳು." ನೀವು ತಲೆ ಎತ್ತಲಿಲ್ಲ. ಎರಡು ತಿಂಗಳ ಮೇಲೆ ಬಳ್ಳಾರಿ ಕಡೆ ಕೆಲಸ ಸಿಕ್ಕಿತು ಎಂದು ಚೀಲ ಕಟ್ಟಿದಿರಿ. ನಾನು ದಾರಿಗೆ ಚಪಾತಿ ಕಟ್ಟಿಕೊಟ್ಟೆ. ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಉಳಿದ ಬಲಗಾಲಿನ ಬೂಟು ನನ್ನ ಕಪಾಟಿನಲ್ಲಿದೆ. ಎಡಗಾಲಿನದು ಎಲ್ಲೋ ಇದೆ. ಅದು ಮುಳುಗುವ ಜಾತಿಯ ಪ್ಲಾಸ್ಟಿಕ್, ತೇಲಿ ಹೋಗಿರುವುದಿಲ್ಲ ಎಂದು ಶೆಡ್ಡಿಗೆ ಬಂದ ಮೇಲೆ ತಿಳಿಯಿತು. ಕೆಸರಿನಲ್ಲಿ ಕೂತಿರಬೇಕು. ಮಳೆಗಾಲಕ್ಕೆ ಮುಂಚೆ ನಾಲಾದ ಹೂಳು ಬಳಿದು ತೆಗೆಯುತ್ತಾರಂತೆ, ಆ ಕೆಸರಿನ ಪ್ಲಾಸ್ಟಿಕ್ ಎಲ್ಲ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಶೆಡ್ಡಿಗೇ ಬರುತ್ತದಂತೆ. ರುದ್ರವ್ವ ಹೇಳಿದಳು. ಅದಕ್ಕಾಗಿ ಕಾಯುತ್ತಿದ್ದೇನೆ.

ನನಗೆ ಇರುವ ಹೆದರಿಕೆ ಒಂದೇ. ನನ್ನ ಕಣ್ಣು ತಪ್ಪಿ ಅದು ಗಟ್ಟೆಯೊಳಗೆ ಸೇರಿ ನಿಮ್ಮ ಭಟ್ಟಿಗೆ ಹೋಗಿಬಿಟ್ಟರೆ? ನಮ್ಮಲ್ಲಿ ಮಣ್ಣಿಗೆ ಕೊಡುತ್ತಾರೆ, ಬೆಂಕಿಗೆ ಕೊಡುವುದಿಲ್ಲ. ಅವಳನ್ನು ಮಣ್ಣಿಗೆ ಕೊಟ್ಟಿದ್ದೇವೆ. ಅವಳ ಬೂಟು ಬೆಂಕಿಗೆ ಹೋಗಬಾರದು. ಅದು ಸಿಗುವವರೆಗೆ ನಾನು ಶೆಡ್ಡು ಬಿಡುವುದಿಲ್ಲ. ಹುಚ್ಚಿ ಎನ್ನುವುದಿದ್ದರೆ ಅಲ್ಲಿಂದಲೇ ಅನ್ನಿರಿ.

ರೇಣು


ಹೊಸಪೇಟೆ
೧೬ ಮಾರ್ಚ್ ೨೦೨೫

ಪ್ರೀತಿಯ ರೇಣು,

ಹುಚ್ಚಿ ಎನ್ನಲು ನನಗೆ ಬಾಯಿಲ್ಲ. ಯಾಕೆಂದು ಹೇಳುತ್ತೇನೆ.

ಬೂಟು ಭಟ್ಟಿಗೆ ಹೋಗುವುದಿಲ್ಲ. ಮಳೆಗಾಲದ ಬೂಟುಗಳೂ ಪಿವಿಸಿ. ಹಿಂದಿನ ಪತ್ರದಲ್ಲಿ ಪಿವಿಸಿ ಪಟ್ಟಿ ಬರೆಯುವಾಗ ಬೇಕೆಂದೇ ಅವನ್ನು ಬಿಟ್ಟಿದ್ದೆ. ಈ ಕೆಲಸ ತಾನಾಗಿ ಸಿಗಲಿಲ್ಲ, ನಾನೇ ಕೇಳಿ ಪಡೆದೆ. ನಿಗಡಿ, ಆಕುರ್ಡಿ, ದೇಹೂ ರೋಡ್ ಕಡೆಯ ಪ್ಲಾಸ್ಟಿಕ್ ಎಲ್ಲ ಕೊನೆಗೆ ಈ ಅಂಗಳಕ್ಕೇ ಬರುತ್ತದೆ ಎಂದು ಕಾಂಟ್ರ್ಯಾಕ್ಟರರು ಹೇಳಿದ ದಿನ, ಬಂದ ಮಾಲು ನೋಡುವ ಕೆಲಸ ನನಗೆ ಕೊಡಿರಿ ಎಂದೆ. ಚಿಂಚವಡಕ್ಕಿಂತ ಪಗಾರ ಕಡಿಮೆ, ಯಾಕೆ ಬರುತ್ತೀರಿ ಎಂದು ಅವರೇ ಕೇಳಿದರು. ಹವಾ ಬದಲಾಗಲಿ ಎಂದೆ. ಕಾರ್ಖಾನೆಯ ಹವಾಕ್ಕೆ ಯಾರಾದರೂ ಬರುತ್ತಾರೇನು ಎಂದು ಅವರು ನಕ್ಕರು.

ಗಟ್ಟೆಯ ತಂತಿ ಕತ್ತರಿಸಿದ ಕೂಡಲೇ ಮಾಲು ಉಸಿರು ಬಿಟ್ಟ ಹಾಗೆ ಉಬ್ಬುತ್ತದೆ. ಅದರಲ್ಲಿ ಕೆಂಪು ಕಂಡರೆ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಇಲ್ಲಿಯವರೆಗೆ ಕೆಂಪನೆಯ ಎಡಗಾಲಿನವು ನಾಲ್ಕು ಸಿಕ್ಕಿವೆ. ಅಡಿ ತಿರುಗಿಸಿ ನೋಡಿದೆ. ಒಂದೂ ಅವಳದಲ್ಲ.

ಇನ್ನು ಬೆಂಕಿಯ ಮಾತು. ಭಟ್ಟಿಯೊಳಗೆ ಗಾಳಿಯಿಲ್ಲ ಎಂದು ಬರೆದಿದ್ದೆನಲ್ಲ. ಗಾಳಿಯಿಲ್ಲದೆ ಬೆಂಕಿ ಹತ್ತುವುದಿಲ್ಲ, ಅಲ್ಲಿ ಯಾವುದೂ ಉರಿಯುವುದಿಲ್ಲ, ಬೇಯುತ್ತದೆ. ಇದನ್ನು ಓದಿ ನಿನಗೆ ಸಮಾಧಾನ ಆಗುವುದಿಲ್ಲ ಎಂದು ಗೊತ್ತು. ನನಗೂ ಆಗಿಲ್ಲ.

ಹುಡುಕುವುದು ನನ್ನ ಮೇಲಿರಲಿ. ನೀನು ಬಿಡು. ಒಂದು ಬೂಟಿಗೆ ಇಬ್ಬರೂ ಜೀವ ತೇಯುವುದು ಬೇಡ.

ಈರಬಸಪ್ಪ


ನಿಗಡಿ
೨೭ ಏಪ್ರಿಲ್ ೨೦೨೫

ನಿಮ್ಮ ಪತ್ರ ಓದಿದೆ. ಅಷ್ಟು ದೂರ ಹೋಗಿ ನೀವೂ ಅದನ್ನೇ ಮಾಡುತ್ತಿದ್ದೀರಿ. ಒಂದೇ ಮನೆಯಲ್ಲಿದ್ದಾಗ ಇಬ್ಬರೂ ಕೂಡಿ ನಾಲಾದ ದಂಡೆಗೆ ಹೋಗಿ ಒಂದು ಕೋಲು ಹಾಕಿ ನೋಡಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ನಾಲಾ ಬಳಿಯುವ ಕೆಲಸ ಶುರುವಾಗಿದೆ. ಟ್ರ್ಯಾಕ್ಟರಿನಲ್ಲಿ ಕೆಸರು ಮೆತ್ತಿದ ಮಾಲು ಬಂದು ಬೀಳುತ್ತಿದೆ. ವಾಸನೆ ಹೇಳಬೇಕಾಗಿಲ್ಲ. ನಾನು ಯಾವುದಕ್ಕಾಗಿ ಬಂದವಳು ಎಂದು ಶೆಡ್ಡಿನ ಹೆಂಗಸರಿಗೆಲ್ಲ ಈಗ ಗೊತ್ತು. ನಾನು ಹೇಳಲಿಲ್ಲ, ಅವರೇ ತಿಳಿದುಕೊಂಡರು. ಯಾರಿಗೆ ಬೂಟು ಸಿಕ್ಕರೂ ಎಸೆಯದೆ ತೆಗೆದಿಡುತ್ತಾರೆ. ಸಂಜೆ ಕೈಕಾಲು ತೊಳೆಯುವ ಮುಂಚೆ ಆ ದಿನದ ಬೂಟುಗಳನ್ನೆಲ್ಲ ಗೋಡೆಯ ಬುಡಕ್ಕೆ ಸಾಲಾಗಿ ಇಟ್ಟು ನನ್ನನ್ನು ಕರೆಯುತ್ತಾರೆ. ನೀಲಿ, ಹಸಿರು, ಕಪ್ಪು, ಹರಿದವು, ಒಂಟಿಯವು. ನಾನು ನೋಡಿ "ಇಲ್ಲ" ಎನ್ನುತ್ತೇನೆ. "ನಾಳೆ ನೋಡೂಣಂತ" ಎಂದು ರುದ್ರವ್ವ ಅವನ್ನು ಪಿವಿಸಿ ಚೀಲಕ್ಕೆ ತುಂಬುತ್ತಾಳೆ.

ನಿನ್ನೆ ಅವಳು ಕೇಳಿದಳು: "ಸಿಕ್ಕರ ಏನು ಮಾಡ್ತಿಯವಾ?" ನಾನು ಇನ್ನೊಂದು ಚೀಲ ಬಿಚ್ಚಿ ಸುರಿದೆ.

ನೀವು ನಿಮ್ಮದು ಹೇಳಿದಿರಿ. ನನ್ನದೂ ಒಂದು ಇದೆ. ಬೂಟು ದೊಡ್ಡವಾದವೆಂದು ನಾನು ದಿನಾ ಅವುಗಳ ಮುಂದಿನ ತುದಿಗೆ ಹಳೆಯ ಇಳಕಲ್ ಸೀರೆಯ ಚೂರು ತುರುಕಿ ಕಳಿಸುತ್ತಿದ್ದೆ. ಹಾಗೆ ಮಾಡಿದರೆ ಅವಳ ಕಾಲಿಗೆ ಬಿಗಿಯಾಗಿ ಕೂಡುತ್ತಿದ್ದವು. ಹಿಂದಿನ ದಿನ ನೆನೆದು ವಾಸನೆ ಹಿಡಿದಿದ್ದರಿಂದ ಎರಡೂ ಚೂರು ಒಗೆದು ಬಾಲ್ಕನಿಯ ಹಗ್ಗಕ್ಕೆ ಹಾಕಿದ್ದೆ. ಬೆಳಿಗ್ಗೆ ಒಣಗಿರಲಿಲ್ಲ. ಹಸಿ ಬಟ್ಟೆಗೆ ಥಂಡಿ ಹಿಡಿದೀತು ಎಂದು ತುರುಕದೆ ಕಳಿಸಿದೆ. "ಅವ್ವಾ, ಬೂಟು ಲಟಪಟ ಅಂತಾವ" ಎಂದಳು. "ಒಂದ ದಿನ ನಡೀತದ, ಹೋಗವಾ" ಎಂದೆ.

ಮನೆಯಲ್ಲಿ ಬೇರೆ ಬಟ್ಟೆಯ ಚೂರಿಗೆ ಬರವಿತ್ತೇ? ಹೊಲಿಯುವವಳ ಮನೆ. ಕೈಗೆ ಸಿಕ್ಕಿದ್ದನ್ನು ತುರುಕಬಹುದಾಗಿತ್ತು. ತಡವಾಗಿತ್ತು, ಕುಕ್ಕರ್ ಕೂಗುತ್ತಿತ್ತು. ನಿಮಗೆ ಎಲ್ಲರ ಮುಂದೆ ಅಂದದ್ದು ಇದನ್ನು ಮುಚ್ಚಿಕೊಳ್ಳಲು. ಆ ಎರಡು ಚೂರು ಇವತ್ತಿಗೂ ಹಗ್ಗದ ಮೇಲಿವೆ. ನೀವು ಹೋಗುವವರೆಗೂ ದಿನಾ ನೋಡಿದಿರಿ, ಏನೆಂದು ಕೇಳಲಿಲ್ಲ.

ರೇಣು


ಹೊಸಪೇಟೆ
೧೧ ಮೇ ೨೦೨೫

ರೇಣು,

ಬಟ್ಟೆಯ ವಿಷಯ ಇನ್ನು ಮುಂದೆ ಯಾರ ಮುಂದೆಯೂ ತೆಗೆಯಬೇಡ, ನಿನ್ನ ಮನಸ್ಸಿನಲ್ಲಿಯೂ. ತಪ್ಪು ಅಲ್ಲಿಲ್ಲ. ಎಲ್ಲಿದೆ ಎಂದು ನನಗೆ ಗೊತ್ತು. ಇದನ್ನು ನಿನಗೆ ಎಂದೂ ಹೇಳಬಾರದು ಎಂದುಕೊಂಡಿದ್ದೆ.

ಅವಳು ಹೋದ ಹದಿಮೂರನೆಯ ದಿನ ಪ್ರಾಚಿ ನಮ್ಮ ಬಾಗಿಲಿಗೆ ಬಂದಿತ್ತು. ನೀನು ಒಳಗೆ ಮಲಗಿದ್ದೆ. ಆ ದಿನ ನಾಲಾದ ಸೇತುವೆಯ ಮೇಲೆ ಮುಕ್ತಾ, ಪ್ರಾಚಿ ಇಬ್ಬರೂ ಜೊತೆಗೇ ಇದ್ದರಲ್ಲ. ನಾನು ಕೇಳದಿದ್ದರೂ ತಾನಾಗಿ ಹೇಳಿತು. ಮುಕ್ತಾ ಕಾಲು ಜಾರಿ ಬೀಳಲಿಲ್ಲ. ಮೊದಲು ಬಿದ್ದದ್ದು ಬೂಟು. ಕಾಲಿನಿಂದ ಕಳಚಿ ನಾಲಾದ ಅಂಚಿಗೆ ಸಿಕ್ಕಿಕೊಂಡಿತ್ತಂತೆ. "ಬಿಡು, ಮನೆಗೆ ಹೋಗೋಣ" ಎಂದಿತಂತೆ ಪ್ರಾಚಿ. ನಮ್ಮ ಹುಡುಗಿ "ಬಾಬಾ ರಾಗಾವತೀಲ" ಎಂದಳಂತೆ. ಅಪ್ಪ ಬೈತಾನ. ಹಾಗೆಂದು ಬಗ್ಗಿದಳು.

ಬೂಟು ತಂದ ದಿನ ನಾನು ಅವಳನ್ನು ಎದುರು ಕೂಡಿಸಿಕೊಂಡು, "ಎರಡು ವರ್ಷ ಬರಬೇಕು, ಕಳಕೊಂಡೀ ಮತ್ತ" ಎಂದಿದ್ದೆ. ನಗುತ್ತಲೇ ಅಂದಿದ್ದೆ. ಆರು ವರ್ಷದ ಮಗುವಿಗೆ ನಗು ಯಾವುದು, ಮಾತು ಯಾವುದು ಎಂದು ಹೇಗೆ ಗೊತ್ತಾಗಬೇಕು.

ನಾನು ಮನೆ ಬಿಟ್ಟದ್ದು ನಿನ್ನ ಮಾತಿಗಲ್ಲ. ನಿನಗೆ ಇದು ಗೊತ್ತಾದ ದಿನ ನಿನ್ನ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ.

ಈರಬಸಪ್ಪ


ನಿಗಡಿ ಶೆಡ್ಡು
೮ ಜೂನ್ ೨೦೨೫

ಈರಬಸಪ್ಪನವರಿಗೆ ಶರಣು. ನಾ ರುದ್ರವ್ವ. ನನಗ ಬರಿಯಾಕ ಬರೂದಿಲ್ಲ. ನಾ ಹೇಳ್ತೀನಿ, ಬಾಳಕೃಷ್ಣ ಬರೀತಾನ. ಅವನ ಅಕ್ಷರ ಕೋಳಿ ಕೆದರಿಧಂಗ ಅದಾವ, ತಡಕೊಂಡು ಓದ್ರಿ.

ನಿಮ್ಮ ಮನಿಯಾಕಿಗೆ ಅಂಗೈಗೆ ತಂತಿ ಚುಚ್ಚೇತ್ರಿ. ಹದಿನೈದು ದಿನದ ಮ್ಯಾಲಾತು. ಕೈ ಬಾತು ಮೊಣಕೈತನ ಕೆಂಪಗಾಗೇದ. ದವಾಖಾನಿಗೆ ನಾನ ಎಳಕೊಂಡು ಹೋಗಿ ಸೂಜಿ ಮಾಡಿಸೇನಿ. ಡಾಕ್ಟರ ಮನಿಯಾಗ ಕುಂದರು ಅಂತ ಹೇಳ್ಯಾರ. ಮರುದಿನ ಜ್ವರದಾಗ ಬಂದು ಕುಂತಾಳ. ಕೈಗವಸು ಹಾಕ್ಕೊಳ್ಳಾಕ ಬರೂದಿಲ್ಲ, ಬರಿಗೈಲೆ ಕೆಸರು ಕೆದರತಾಳ.

ಈ ಸಲ ಮಳಿ ಮೇದಾಗ ಬಂತು. ನಾಲಾದ ಮಾಲು ಮುಗೀತ್ರಿ. ಇನ್ನ ಬರೂದಿಲ್ಲ. ಹಿಂಗಂತ ಆಕಿಗೆ ಹೇಳಾಕ ನಮಗ್ಯಾರಿಗೂ ಬಾಯಿ ಬರವಲ್ದು. ಇಲ್ಲೆ ಇಪ್ಪತ್ತು ವರ್ಷ ಕಚರಾ ಆರಿಸೇನಿ, ಕಳಕೊಂಡದ್ದು ತಿರುಗಿ ಸಿಕ್ಕದ್ದು ನಾ ಎರಡ ಸಲ ನೋಡೇನಿ. ಎರಡೂ ಸಲ ಸಿಕ್ಕದ್ದು ಬ್ಯಾರೆ ಮಂದಿದಾಗಿತ್ತು.

ನಿಮ್ಮ ಕಡಿಂದ ಬಂದ ಪತ್ರ ಆಕಿ ಓದ್ಯಾಳ. ಓದಿ ಮಡಿಚಿ ಸೊಂಟದಾಗ ಸಿಗಿಸಿಕೊಂಡಾಳ. ಉತ್ತರ ಬರಿ ಅಂದರ ಮತ್ತ ಮಾಲು ಕೆದರಾಕ ಕುಂದರತಾಳ. ನಿಮ್ಮಿಬ್ಬರ ನಡುವ ಏನೈತೋ ನನಗ ಬ್ಯಾಡ. ಆ ಬೂಟು ಸಿಗೂತನಕ ಈಕಿ ಏಳೂದಿಲ್ಲ, ಇಷ್ಟ ನನಗ ಗೊತ್ತು. ಏನಾರ ಮಾಡ್ರಿ. ಏನು ಮಾಡಬೇಕು ಅಂತ ನಾ ಹೇಳೂದಿಲ್ಲ. ನೀವು ಕಲ್ತವರು.

ರುದ್ರವ್ವ, ಹೆಬ್ಬಟ್ಟು


ಹೊಸಪೇಟೆ
೧೫ ಜೂನ್ ೨೦೨೫

ಪ್ರೀತಿಯ ರೇಣು,

ಬೂಟು ಸಿಕ್ಕಿತು.

ಶುಕ್ರವಾರ ಬಂದ ನಿಗಡಿಯ ಮಾಲಿನಲ್ಲಿತ್ತು, ಹನ್ನೊಂದನೆಯ ಗಟ್ಟೆಯಲ್ಲಿ. ಒಂದು ಒಡೆದ ಬಕೆಟ್ಟಿನೊಳಗೆ ಸಿಕ್ಕಿಕೊಂಡು ಒತ್ತಿಹೋಗಿತ್ತು, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಕೆಂಪು, ಬಾಯಿಗೆ ಬಿಳಿ ಪಟ್ಟಿ, ಎಡಗಾಲು. ನಾನು ಸರಿಯಾಗಿ ನೋಡಿದ್ದೇನೆ. ಕೆಸರು ಇತ್ತು, ತೊಳೆದೆ. ಅಲ್ಲಲ್ಲಿ ತರಚಿದೆ.

ಭಟ್ಟಿಯ ಹತ್ತಿರವೂ ಹೋಗಿಲ್ಲ. ಅಂಗಳದಿಂದ ನೇರವಾಗಿ ನನ್ನ ಕೋಣೆಗೆ ತಂದೆ. ಬಾಳಕೃಷ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಸೀಟಿನ ಕೆಳಗೆ ಹಾಕಬೇಡ, ಮುಂದೆ ಇಟ್ಟುಕೊಂಡು ಹೋಗು ಎಂದು ಹೇಳಿದ್ದೇನೆ.

ಇನ್ನು ನೀನು ಶೆಡ್ಡಿಗೆ ಹೋಗಬೇಕಾಗಿಲ್ಲ. ಸಿಗುವವರೆಗೆ ಎಂದು ನೀನೇ ಬರೆದಿದ್ದೆ. ಕೈಗೆ ಔಷಧ ಹಚ್ಚು, ಗುಳಿಗೆ ತಪ್ಪಿಸಬೇಡ. ಇಷ್ಟೇ ನಾನು ಕೇಳುವುದು.

ಈರಬಸಪ್ಪ


ನಿಗಡಿ
೨೨ ಜೂನ್ ೨೦೨೫

ಮುಕ್ತಾನ ಅಪ್ಪಾರಿಗೆ,

ಬೂಟು ಮುಟ್ಟಿತು. ಬಾಳಕೃಷ್ಣ ಅದನ್ನು ಹೊಸ ಟವೆಲಿನಲ್ಲಿ ಸುತ್ತಿ ಎರಡೂ ಕೈಯಿಂದ ಹಿಡಿದುಕೊಂಡು ಬಂದ. ಶೆಡ್ಡಿನ ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ರುದ್ರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಅದ ಏನವಾ?" ಎಂದು ಕೇಳಿದಳು.

ನಾನು ಅಡಿ ತಿರುಗಿಸಿದೆ. ಹನ್ನೊಂದು.

"ಅದ" ಎಂದೆ. ಎಲ್ಲರೂ ಅತ್ತರು. ಒಬ್ಬಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ರುದ್ರವ್ವ ಮಾತ್ರ ಅಳಲಿಲ್ಲ. "ಸಾಕು, ಮನಿಗೆ ನಡಿ" ಎಂದು ನನ್ನ ಡಬ್ಬಿ, ಚೀಲ ತಂದು ಕೈಗಿಟ್ಟಳು. ಅವಳು ನಿಮಗೆ ಪತ್ರ ಹಾಕಿದ್ದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ಬಾಳಕೃಷ್ಣನ ಹೊಟ್ಟೆಯಲ್ಲಿ ಮಾತು ಉಳಿಯುವುದೆಂದರೇನು.

ಮನೆಗೆ ಬಂದು ಕಪಾಟಿನಿಂದ ಬಲಗಾಲಿನದನ್ನು ತೆಗೆದು ಎರಡನ್ನೂ ಪಕ್ಕದಲ್ಲಿ ಇಟ್ಟೆ. ಒಂದು ದೊಡ್ಡದು, ಒಂದು ಸರಿಯಾದದ್ದು. ನಂಬರ್ ನೋಡದೆ ಮಾಲು ಪಾಸು ಮಾಡುವವರಲ್ಲ ನೀವು. ನನ್ನನ್ನು ಮೋಸಗೊಳಿಸಬೇಕೆಂದೇ ಅಂಗಡಿಗೆ ಹೋದವರು, ಹದಿಮೂರು ಕೊಡಿ ಎಂದಿದ್ದರೆ ನನಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಕಲ್ಲಿಗೆ ತಿಕ್ಕಿ ತರಚಿದ್ದೀರಿ, ಕೆಸರು ಮೆತ್ತಿ ತೊಳೆದಿದ್ದೀರಿ, ಅಡಿಯ ಗೆರೆಗಳಲ್ಲಿ ಹೊಸಪೇಟೆಯ ಕೆಂಪು ಮಣ್ಣು ಉಳಿದಿದೆ. ಎಲ್ಲ ಮಾಡಿದಿರಿ, ಆದರೆ ಆ ನಂಬರ್ ಕೇಳಲು ನಿಮಗೆ ಬಾಯಿ ಬರಲಿಲ್ಲ. ಅವಳ ಕಾಲಿಗೆ ಆಗುವುದನ್ನೇ ಕೇಳಿದಿರಿ.

ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಪ್ರಾಚಿಯ ಮಾತಿಗೆ ನಾನು ಉತ್ತರ ಬರೆದಿರಲಿಲ್ಲ. ಆ ಮಗು ನಿಮಗಿಂತ ಮೊದಲು ನನಗೇ ಹೇಳಿತ್ತು, ದವಾಖಾನೆಯ ಮೆಟ್ಟಿಲ ಮೇಲೆ, ಮುಕ್ತಾ ಹೋದ ದಿನವೇ. ಅದನ್ನು ನಿಮ್ಮ ಕಿವಿಗೆ ಬೀಳಿಸಬಾರದೆಂದು ಪ್ರಾಚಿಗೆ ಆಣೆ ಹಾಕಿಸಿದ್ದೆ. ಆರು ವರ್ಷದ ಹುಡುಗಿ, ಹದಿಮೂರು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೇ ಹೆಚ್ಚು. ನಾವಿಬ್ಬರೂ ಒಂದೇ ಮಾತನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟು, ಒಂದೇ ತಾಟಿನ ಎರಡು ಕಡೆ ಕೂತು ಉಂಡೆವು.

ಈಗ ನನ್ನ ಮಾತು ಕೇಳಿರಿ. ನೀವು ಅವಳನ್ನು ಎಂದು ಬೈದಿದ್ದಿರಿ? ಟಿವಿಯ ರಿಮೋಟು ಒಡೆದಾಗ ಬೈಯಲಿಲ್ಲ, ನಿಮ್ಮ ಆಫೀಸಿನ ವಹಿಯಲ್ಲಿ ಬೆಕ್ಕು ಬರೆದಾಗ ಬೈಯಲಿಲ್ಲ. ಓಣಿಯ ಹುಡುಗರಿಗೆಲ್ಲ ಬೈಯುವ ಅಪ್ಪಂದಿರಿದ್ದರು, ತನಗೂ ಒಬ್ಬ ಇದ್ದಾನೆ ಎಂದು ಹೇಳಿಕೊಳ್ಳುವುದು ಅವಳಿಗೆ ದೊಡ್ಡಸ್ತಿಕೆಯಾಗಿತ್ತು. ಅಂಗಡಿಯಲ್ಲಿ ಚಾಕಲೇಟ್ ಬೇಡವೆಂದರೂ "ಅಪ್ಪ ಬೈತಾನ", ಆಟ ಸಾಕಾದರೂ "ಅಪ್ಪ ಬೈತಾನ". ಹೆದರಿ ಬಗ್ಗಲಿಲ್ಲ ಅವಳು. ನೀವು ತಂದ ಬೂಟು ಅವಳಿಗೆ ಬೇಕಾಗಿತ್ತು, ಅದಕ್ಕೆ ಬಗ್ಗಿದಳು. ನನಗೂ ಇದನ್ನು ನಂಬಲು ಕಷ್ಟವಾಗುತ್ತದೆ. ಇಬ್ಬರೂ ಕೂಡಿ ಹೇಳಿಕೊಂಡರೆ ನಂಬಿಕೆ ಬಂದೀತು.

ಶೆಡ್ಡು ಬಿಟ್ಟಿದ್ದೇನೆ. ಕೈಯ ಬಾವು ಇಳಿದಿದೆ. ಅವಳ ಬೂಟು ಇನ್ನು ಸಿಗುವುದಿಲ್ಲ, ನನಗೆ ಗೊತ್ತು. ಅದು ನಾಲಾದ ತಳದಲ್ಲೇ ಇರಲಿ. ಅದೂ ಮಣ್ಣೇ, ಬೆಂಕಿಯಲ್ಲ. ಇವತ್ತು ಬೆಳಿಗ್ಗೆ ಹಗ್ಗದ ಮೇಲಿನ ಎರಡು ಸೀರೆಯ ಚೂರು ತೆಗೆದು ಮಡಿಚಿಟ್ಟೆ. ಬಿಸಿಲಿಗೆ ಬಣ್ಣ ಹೋಗಿ ಬಿಳಿಯಾಗಿವೆ. ಹನ್ನೊಂದು ನಂಬರಿಗೆ ಅವು ಬೇಕಾಗುವುದಿಲ್ಲ.

ಜುಲೈ ಹತ್ತೊಂಬತ್ತಕ್ಕೆ ವರ್ಷವಾಗುತ್ತದೆ. ಅದಕ್ಕೆ ಮುಂಚೆ ಬರ್ರಿ. ಅವಳ ಕಾಲಿಗೆ ಆಗುವ ಬೂಟು ಅವಳ ಹತ್ತಿರ ಇಟ್ಟು ಬರೋಣ. ಪ್ಲಾಸ್ಟಿಕ್ಕು ಮಣ್ಣಿನಲ್ಲಿ ಕರಗುವುದಿಲ್ಲ ಎಂದು ಐದು ತಿಂಗಳು ಕಂಡವರಿಗೆಲ್ಲ ಹೇಳಿದವಳು ನಾನು. ಕರಗದಿರಲಿ.

ಅಂಗಡಿಯಲ್ಲಿ ಯಾರೂ ಒಂದೇ ಕಾಲಿನ ಬೂಟು ಮಾರುವುದಿಲ್ಲ. ಬಲಗಾಲಿನದು ನಿಮ್ಮ ಕೋಣೆಯಲ್ಲೇ ಎಲ್ಲೋ ಇರಬೇಕು, ಟ್ರಂಕಿನಲ್ಲಿ, ಬಟ್ಟೆಯ ಕೆಳಗೆ. ಬರುವಾಗ ಅದನ್ನೂ ತನ್ನಿರಿ.

ಮುಕ್ತಾನ ಅವ್ವ